ಬಜಪೆಯಿಂದ ದುಬೈಗೆ ಎಷ್ಟು ದೂರ? ಕಾಸರಗೋಡಿನ ಕಡೆಯಿಂದ ಒಂದು ಲೆಕ್ಕ

ಧ್ವನಿ ಕೇಳಿಸ್ತಾ ಉಂಟಲ್ಲ? ಇಲ್ಲಿ ಮಂಜೇಶ್ವರದಲ್ಲಿ ಬೆಳಿಗ್ಗೆಯಿಂದ ಮಳೆ. ಕರೆಂಟು ಹೋದರೆ ನೆಟ್ಟೂ ಹೋಗ್ತದೆ, ಹಾಗಾಗಿ ವಿಡಿಯೋ ಆಫ್ ಮಾಡಿಯೇ ಮಾತಾಡ್ತೇನೆ.

ಈ ಸರಣಿಯಲ್ಲಿ ಇಷ್ಟರವರೆಗೆ ಶಾಸನಗಳು ಬಂದವು, ಗಡಿ ಶಾಲೆಗಳು ಬಂದವು, ಅಕ್ಕಲಕೋಟೆಯ ಸ್ನೇಹಿತರು ಸಂತೆಯ ಕನ್ನಡದ ಬಗ್ಗೆ ಹೇಳಿದರು. ನಾನು ವಿಮಾನದ ದೂರದ ಬಗ್ಗೆ ಮಾತಾಡ್ತೇನೆ ಅಂದಾಗ ನಮ್ಮ ಮೇಡಂ, "ಇದು ಕನ್ನಡ ವಿಭಾಗದ್ದೋ, ಭೂಗೋಳ ವಿಭಾಗದ್ದೋ?" ಅಂತ ನಕ್ಕರು. ಗಡಿನಾಡಿನ ಚರಿತ್ರೆ ಬರೆಯುವಾಗ ನಾವು ಯಾವಾಗಲೂ ಎರಡೇ ದಿಕ್ಕು ನೋಡ್ತೇವೆ: ಒಂದು ಬೆಂಗಳೂರು, ಇನ್ನೊಂದು ತಿರುವನಂತಪುರ. ಕಾಸರಗೋಡಿಗೆ ಪಡುವಣ ದಿಕ್ಕೂ ಇದೆ. ಅಲ್ಲಿ ಕಡಲಿದೆ, ಕಡಲಿನ ಆಚೆ ನಮ್ಮ ಅರ್ಧ ಊರಿದೆ. ಆ ದಿಕ್ಕಿನ ದಾರಿ ಯಾವ ಬಾಗಿಲಿನಿಂದ ಹೊರಟು ಯಾವ ಬಾಗಿಲಿಗೆ ಬಂದು ಸೇರುತ್ತದೆ ಎನ್ನುವುದಕ್ಕೂ ನಮ್ಮ ಕನ್ನಡಕ್ಕೂ ಸಂಬಂಧ ಇದೆ ಅನ್ನುವುದಷ್ಟೇ ನನ್ನ ವಾದ.

ಮೊದಲು ಲೆಕ್ಕ. ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ದುಬೈಗೆ ಮಹಾವೃತ್ತದ ಗೆರೆ ಹಿಡಿದು ಅಳೆದರೆ ಸುಮಾರು 2,460 ಕಿಲೋಮೀಟರ್. ವಿಮಾನದವರ ಭಾಷೆಯಲ್ಲಿ 1,330 ನಾಟಿಕಲ್ ಮೈಲಿ. ಮಹಾವೃತ್ತ ಅಂದರೆ ಗೋಳದ ಮೇಲೆ ದಾರ ಎಳೆದು ಹಿಡಿದರೆ ಸಿಗುವ ಅತಿ ಹತ್ತಿರದ ಗೆರೆ. ವಿಮಾನ ಅದೇ ಗೆರೆಯ ಮೇಲೆ ಹೋಗುವುದಿಲ್ಲ, ನಿಗದಿ ಮಾಡಿದ ವಾಯುಮಾರ್ಗ ಹಿಡಿಯುವುದರಿಂದ ಸ್ವಲ್ಪ ಸುತ್ತಾಗುತ್ತದೆ. ಸಮಯ ಸುಮಾರು ಮೂರೂವರೆ ಗಂಟೆ. ಭಾಗಿಸಿದರೆ ಗಂಟೆಗೆ 700 ಕಿಲೋಮೀಟರ್ ಬರುತ್ತದೆ. ಮೇಲೆ ಹೋದಮೇಲೆ ವೇಗ 800 ದಾಟುತ್ತದಾದರೂ ಏರುವುದಕ್ಕೂ ಇಳಿಯುವುದಕ್ಕೂ ಹೋಗುವ ಹೊತ್ತು ಸರಾಸರಿಯನ್ನು ಕೆಳಗೆ ಎಳೆಯುತ್ತದೆ. ಚಳಿಗಾಲದಲ್ಲಿ ಮೇಲುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವುದರಿಂದ ಹೋಗುವಾಗ ತಡ, ಬರುವಾಗ ಬೇಗ. ಊರಿಗೆ ಬರುವ ದಾರಿಯೇ ಸಣ್ಣದು ಅಂತ ನಮ್ಮ ದೊಡ್ಡಪ್ಪ ಹೇಳುತ್ತಿದ್ದದ್ದು ಬರೀ ಪ್ರೀತಿಯ ಮಾತು ಅಂತ ನಾನು ಅಂದುಕೊಂಡಿದ್ದೆ. ಗಾಳಿಯ ಲೆಕ್ಕದಲ್ಲಿಯೂ ಅದು ಸರಿಯೇ.

ಟಿಕೆಟಿನಲ್ಲಿ ಮಾತ್ರ ಇದು ತಿರುವುಮುರುವು ಕಾಣುತ್ತದೆ. ನಮ್ಮ ಗಡಿಯಾರ ದುಬೈಯ ಗಡಿಯಾರಕ್ಕಿಂತ ಒಂದೂವರೆ ಗಂಟೆ ಮುಂದೆ. ಹಾಗಾಗಿ ಹೋಗುವಾಗ ಎರಡು ಗಂಟೆಯಲ್ಲಿ ಮುಟ್ಟಿದ ಹಾಗೆ, ಬರುವಾಗ ಐದು ಗಂಟೆ ಹಿಡಿದ ಹಾಗೆ ಅಚ್ಚಾಗಿರುತ್ತದೆ. ನಮ್ಮ ಮನೆಯಲ್ಲಿ ಗೋಡೆಗೆ ಎರಡು ಗಡಿಯಾರ ಇತ್ತು. ಒಂದನ್ನು ದೊಡ್ಡಮ್ಮ ದುಬೈ ಸಮಯಕ್ಕೆ ಇಟ್ಟಿದ್ದರು. ಮಕ್ಕಳಾದ ನಮಗೆ ಅದು 'ಹಾಳಾದ ಗಡಿಯಾರ'.

ನಮ್ಮ ಮನೆಮಾತು ತುಳು, ಓದು ಕನ್ನಡ, ಕಚೇರಿ ವ್ಯವಹಾರ ಮಲಯಾಳ. ಈ ಪ್ರಬಂಧಕ್ಕಾಗಿ ದೊಡ್ಡಮ್ಮನ ಹತ್ತಿರ ಕೂತು, "ದುಬಾಯಿಗೆ ಏತ್ ದೂರ ಉಂಡು?" ಅಂತ ಕೇಳಿದೆ. ಅವರು ತಡ ಮಾಡದೆ "ನಾಲ್ ದಿನ" ಅಂದರು. ನಾಲ್ಕು ದಿನ. ಅವರ ಲೆಕ್ಕ 1978ರದ್ದು. ಆ ವರ್ಷ ದೊಡ್ಡಪ್ಪ ಮೊದಲ ಸಲ ಹೊರಟದ್ದು. ಹೊಸಂಗಡಿಯಿಂದ ಮಂಗಳೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದು ಬೊಂಬಾಯಿಗೆ. ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಆ ಕಾಲಕ್ಕೆ ಕರಾವಳಿಯಿಂದ ಬೊಂಬಾಯಿಗೆ ನೇರ ರೈಲು ಇರಲಿಲ್ಲ. ಬೊಂಬಾಯಿಯಲ್ಲಿ ಊರಿನವರ ರೂಮಿನಲ್ಲಿ ಮಲಗಿ ಎದ್ದು, ಮತ್ತೆ ವಿಮಾನ. ಬೊಂಬಾಯಿ–ದುಬೈ ಸುಮಾರು 1,930 ಕಿಲೋಮೀಟರ್, ಮೂರು ಗಂಟೆ. ನಾಲ್ಕು ದಿನದ ಪ್ರಯಾಣದಲ್ಲಿ ಆಕಾಶದಲ್ಲಿ ಕಳೆದದ್ದು ಆ ಮೂರು ಗಂಟೆ ಮಾತ್ರ. ಇದು ಕಾಗದಪತ್ರ ಸರಿಯಾಗಿದ್ದವರ ಲೆಕ್ಕ. ದುಬೈಯಿಂದ ಎನ್‌ಓಸಿ ಬರುವುದು ತಡವಾದರೆ ಬೊಂಬಾಯಿಯ ಒಂದು ರಾತ್ರಿ ಮೂರು ತಿಂಗಳೂ ಆಗುತ್ತಿತ್ತು.

ಇನ್ನೂ ಹಿಂದೆ ಹೋದರೆ ದೂರದ ಅಳತೆಯೇ ಬೇರೆ. ಅಮಿತಾವ್ ಘೋಷ್ ಅವರ 1992ರ ಪುಸ್ತಕದಿಂದಾಗಿ ನಮ್ಮಲ್ಲಿ ಹಲವರಿಗೆ ಅಬ್ರಹಾಂ ಬೆನ್ ಯಿಜುವಿನ ಹೆಸರು ಗೊತ್ತುಂಟು. ಟ್ಯುನೀಶಿಯಾ ಮೂಲದ ಯಹೂದಿ ವರ್ತಕ, 12ನೇ ಶತಮಾನದಲ್ಲಿ ಹದಿನೇಳು ವರ್ಷದಷ್ಟು ಕಾಲ ಮಂಗಳೂರಿನಲ್ಲಿದ್ದ. ಅವನಿಗೆ ಏಡನ್‌ನಿಂದ ಬಂದ ಪತ್ರಗಳು ಕೈರೋದ ಸಿನಗಾಗ್ ಒಂದರ ಕಾಗದದ ರಾಶಿಯಲ್ಲಿ ಉಳಿದವು. ಅವನ ಆಳೊಬ್ಬ ವ್ಯಾಪಾರದ ಕೆಲಸಕ್ಕೆ ಏಡನ್‌ಗೆ ಹೋಗಿದ್ದ, ಅಲ್ಲಿ ಕುಡಿದು ಹಣ ಹಣ ಅಂತ ಪೀಡಿಸಿದ ಅಂತ ಒಂದು ಪತ್ರದಲ್ಲಿ ದೂರು ಇದೆ. ಆ ಆಳಿನ ಹೆಸರು ಬರೇ ಮೂರು ಅಕ್ಷರದಲ್ಲಿ ಬರೆದಿತ್ತು. ಅದು 'ಬೊಮ್ಮ' ಇರಬೇಕು ಎಂಬ ತೀರ್ಮಾನಕ್ಕೆ ಘೋಷ್ ಬಂದದ್ದು ನಮ್ಮ ಬಿ.ಎ. ವಿವೇಕ ರೈ ಅವರ ಜೊತೆ ಮಾತಾಡಿದ ಮೇಲೆ. ಹಾಗಾಗಿ ಹೆಸರು ಸಮೇತ ಸಿಗುವ ನಮ್ಮ ಮೊದಲ 'ಗಲ್ಫಿನವನು' ಬೊಮ್ಮನೇ ಅಂತ ನಾನು ತಮಾಷೆಗೆ ಹೇಳುವುದುಂಟು. ಏಡನ್ ಗಲ್ಫ್ ಅಲ್ಲ, ಅರೇಬಿಯದ ಇನ್ನೊಂದು ಮೂಲೆ ಅಂತ ಯಾರಾದರೂ ತಿದ್ದಬಹುದು, ಒಪ್ಪಿದೆ. ಬೊಮ್ಮನ ದೂರಕ್ಕೆ ಗಂಟೆಯ ಲೆಕ್ಕ ಇಲ್ಲ. ಈಶಾನ್ಯದ ಗಾಳಿ ಎದ್ದಾಗ ಹೋಗಬೇಕು, ನೈಋತ್ಯದ ಗಾಳಿಯ ಬೆನ್ನಿಗೆ ಬರಬೇಕು, ನಡು ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ. ದೂರ ಅಂದರೆ ಒಂದು ಋತು. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತನೂ ಮಂಗಳೂರಿನಲ್ಲಿ ಇಳಿಯುತ್ತಿದ್ದ ಪಾರಸಿ ಮತ್ತು ಯೆಮೆನಿ ವರ್ತಕರನ್ನು ಹೆಸರಿಸುತ್ತಾನೆ. ಅಂದರೆ ನಮ್ಮ ಕರಾವಳಿಗೆ ಅರಬರ ನಾಡು ಪರಿಚಯವಾದದ್ದು ಎಣ್ಣೆ ಸಿಕ್ಕಿದ ಮೇಲೆ ಅಲ್ಲ. 1960ರ ದಶಕದ ನಡುವಿನವರೆಗೂ ದುಬೈಯ ಪೇಟೆಯಲ್ಲಿ ನಡೆಯುತ್ತಿದ್ದದ್ದು ರೂಪಾಯಿಯೇ. ಅದಕ್ಕೆಂದೇ ನಮ್ಮ ರಿಸರ್ವ್ ಬ್ಯಾಂಕ್ 1959ರಿಂದ ಬೇರೆ ನೋಟು ಅಚ್ಚು ಹಾಕಿತ್ತು.

ಈಗ ನಿಲ್ದಾಣಗಳ ವಿಷಯಕ್ಕೆ ಬರ್ತೇನೆ. ಇಲ್ಲಿ ಎರಡು ಇಸವಿಗಳನ್ನು ಜೋಡಿಸಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಬಜಪೆ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ದುಬೈಯ ನಿಲ್ದಾಣ ತೆರೆದದ್ದು 1960ರಲ್ಲಿ, ಅದೂ ಗಟ್ಟಿಮಾಡಿದ ಮರಳಿನ ರನ್‌ವೇ. ಅಂದರೆ ಬಜಪೆಯೇ ಒಂಬತ್ತು ವರ್ಷ ಹಿರಿದು. ಎರಡೂ ಕಡೆ ನಿಲ್ದಾಣ ಇದ್ದೂ ನಡುವೆ ನೇರ ವಿಮಾನ ಬಂದದ್ದು 2006ರಲ್ಲಿ. ಹಳೆಯ ರನ್‌ವೇ 1,600 ಮೀಟರಿನ ಆಸುಪಾಸು, ದೊಡ್ಡ ಜೆಟ್ಟುಗಳಿಗೆ ಸಾಲದು. 2,450 ಮೀಟರಿನ ಹೊಸ ರನ್‌ವೇ ಸಿದ್ಧವಾದ ಮೇಲೆಯೇ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ಹಾರಿದ್ದು. ಆ ನಡುವಿನ ನಲವತ್ತಾರು ವರ್ಷ ನಮ್ಮವರು ಬೊಂಬಾಯಿ ಸುತ್ತಿದರು. 1988ರಲ್ಲಿ ಕಲ್ಲಿಕೋಟೆಯ ಕರಿಪುರದಲ್ಲಿ ನಿಲ್ದಾಣ ಆದಮೇಲೆ, ಅಲ್ಲಿಂದ ಗಲ್ಫಿಗೆ ವಿಮಾನ ಶುರುವಾದ ಹಾಗೆ, ಕೆಲವರು ದಕ್ಷಿಣಕ್ಕೂ ಹೋದರು.

ಇನ್ನೊಂದು ಸಂಗತಿ ಈ ಸರಣಿಗೆ ನೇರ ಸೇರಿದ್ದು. 1951ರಲ್ಲಿ ಬಜಪೆ ಮತ್ತು ಕಾಸರಗೋಡು ಒಂದೇ ಜಿಲ್ಲೆ, ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ. ವಿಮಾನ ನಿಲ್ದಾಣ ಆದದ್ದು 'ನಮ್ಮ ಜಿಲ್ಲೆಯಲ್ಲಿ'. ಐದು ವರ್ಷ ಕಳೆಯುವುದರೊಳಗೆ, 1956ರ ನವೆಂಬರ್ 1ಕ್ಕೆ, ಅದು ಪರರಾಜ್ಯದ್ದಾಯಿತು. ನಿಲ್ದಾಣ ಕದಲಲಿಲ್ಲ, ನಾವೂ ಕದಲಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಸೇರಿಸಬಹುದು ಅಂತ 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದ್ದು, ಅದು ಕಾಗದದಲ್ಲಿಯೇ ಉಳಿದದ್ದು ಎಲ್ಲರಿಗೂ ಗೊತ್ತಿರುವ ಕತೆ, ಅದನ್ನು ಮತ್ತೆ ಹೇಳುವುದಿಲ್ಲ. ನಾನು ಹೇಳಬೇಕಾದದ್ದು ಇಷ್ಟು: ಗಲ್ಫಿಗೆ ಹೋಗುವ ಕಾಸರಗೋಡಿನವನ ಪಾಸ್‌ಪೋರ್ಟು ಕಲ್ಲಿಕೋಟೆ ಕಚೇರಿಯದ್ದು, ಅವನ ವಿಮಾನ ಮಂಗಳೂರಿನದ್ದು. ಕಾಗದ ದಕ್ಷಿಣಕ್ಕೆ ಎಳೆಯುತ್ತಿತ್ತು, ದಾರಿ ಉತ್ತರಕ್ಕೆ.

ಆ ಉತ್ತರದ ದಾರಿಯಲ್ಲಿ ಏನೇನಿತ್ತು ಅಂತ ದೊಡ್ಡಪ್ಪನ ಒಂದು ರಜೆಯನ್ನು ಇಟ್ಟುಕೊಂಡು ನೋಡುವ. 2007. ಬೆಳಿಗ್ಗೆ ಬಜಪೆಯಲ್ಲಿ ಇಳಿದವರು ನೇರ ಮನೆಗೆ ಬರಲಿಲ್ಲ. ಹತ್ತಿರವೇ ಇರುವ ಕಟೀಲಿಗೆ ಹೋದರು, ಅಮ್ಮನವರಿಗೆ ಕೈಮುಗಿದು ಹರಕೆಯ ಆಟದ ಬಗ್ಗೆ ವಿಚಾರಿಸಿದರು. ಆಮೇಲೆ ಮಂಗಳೂರಿನಲ್ಲಿ ಕಣ್ಣಿನ ಡಾಕ್ಟರು, ಮಗಳಿಗೆ ಸೀರೆ, ಬಸ್‌ಸ್ಟ್ಯಾಂಡಿನಲ್ಲಿ ಎರಡು ಕನ್ನಡ ಪೇಪರು. ತಲಪಾಡಿ ದಾಟುವಾಗ ಮಧ್ಯಾಹ್ನ. ಕಟೀಲು ಮೇಳದ ಹರಕೆ ಆಟಕ್ಕೆ ಎಷ್ಟು ವರ್ಷ ಕಾಯಬೇಕು ಅಂತ ಇಲ್ಲಿರುವ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಯ ಸರದಿ ಬಂದಾಗ ದೊಡ್ಡಪ್ಪ ಕೆಲಸ ಬಿಟ್ಟು ಊರಿಗೆ ಬಂದೇ ಆಗಿತ್ತು. ಆ ರಾತ್ರಿ ನಮ್ಮ ಬಾಕಿಮಾರು ಗದ್ದೆಯಲ್ಲಿ ಬೆಳಗಿನವರೆಗೆ ಕೇಳಿದ್ದು ಕನ್ನಡ. ಮಲಯಾಳ ಮೀಡಿಯಂನಲ್ಲಿ ಓದುತ್ತಿದ್ದ ನಮ್ಮ ನೆರೆಮನೆಯ ಮಕ್ಕಳೂ ಮಹಿಷಾಸುರನ ಮಾತಿಗೆ ಶಿಳ್ಳೆ ಹೊಡೆದರು. ದುಬೈಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿ ದುಡಿದ ಹಣದ ಒಂದು ಪಾಲು, ಕುಂಬಳೆಯ ಪಾರ್ತಿಸುಬ್ಬನ ಸೀಮೆಯಲ್ಲಿ ಕನ್ನಡದ ಆಟವಾಗಿ ತೀರಿತು. ನಮ್ಮ ಗಡಿನಾಡಿನ ಸಾಂಸ್ಕೃತಿಕ ಚರಿತ್ರೆಗಳಲ್ಲಿ ಯಕ್ಷಗಾನಕ್ಕೆ ಅಧ್ಯಾಯ ಇರುತ್ತದೆ. ಆಟ ಆಡಿಸಿದ ದುಡ್ಡು ಯಾವ ದಾರಿಯಲ್ಲಿ ಬಂತು ಎಂಬ ಪುಟ ಇರುವುದಿಲ್ಲ.

2010ರ ಮೇ 22ರ ಬಗ್ಗೆ ಹೇಳದೆ ಈ ದಾರಿಯ ಬಗ್ಗೆ ಹೇಳಲಿಕ್ಕೆ ಆಗುವುದಿಲ್ಲ. ಅಂದು ಶನಿವಾರ. ನಾನು ನಾಲ್ಕನೇ ಕ್ಲಾಸು ಮುಗಿಸಿ ರಜೆಯಲ್ಲಿದ್ದೆ. ದುಬೈಯಿಂದ ಹೊರಟ 812 ಸಂಖ್ಯೆಯ ವಿಮಾನ ಅಲ್ಲಿನ ಸಮಯ ರಾತ್ರಿ 1:06ಕ್ಕೆ ನೆಲ ಬಿಟ್ಟಿತ್ತು. ನಮ್ಮ ಸಮಯಕ್ಕೆ ಅದು 2:36. ಬೆಳಿಗ್ಗೆ ಆರೂವರೆಗೆ ಬರಬೇಕಾದದ್ದು ಸ್ವಲ್ಪ ಮೊದಲೇ ಬಂದಿತ್ತು. 6:05ರ ಹೊತ್ತಿಗೆ ರನ್‌ವೇಯ ಅರ್ಧ ಕಳೆದ ಮೇಲೆ ನೆಲ ಮುಟ್ಟಿ, ಗುಡ್ಡದ ಅಂಚು ದಾಟಿ ಕೆಳಗೆ ಬಿತ್ತು. 166 ಜನರಲ್ಲಿ ಉಳಿದದ್ದು 8 ಮಂದಿ. ಮೂರು ಗಂಟೆ ಇಪ್ಪತ್ತೊಂಬತ್ತು ನಿಮಿಷ. ನಾನು ಆಗಲೇ ಹೇಳಿದ 'ಸುಮಾರು ಮೂರೂವರೆ ಗಂಟೆ' ಎಂಬ ಲೆಕ್ಕ ಪೂರ್ತಿಯಾಗಿಯೇ ಇತ್ತು, ದೂರವೂ ಮುಗಿದಿತ್ತು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದು, ಸಹಪೈಲಟ್ ಮತ್ತೆ ಮೇಲೇರೋಣ ಅಂತ ಎಚ್ಚರಿಸಿದ್ದು ತನಿಖೆಯಲ್ಲಿ ಬಂತು.

ಸತ್ತವರಲ್ಲಿ ಕಾಸರಗೋಡು ಜಿಲ್ಲೆಯವರು ಹಲವರು. ಮದುವೆಗೆ ಬಂದವರು, ಮರಣಕ್ಕೆ ಬಂದವರು, ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಬಂದವರು. ದೊಡ್ಡಪ್ಪ ಆ ವಿಮಾನದಲ್ಲಿ ಇರಲಿಲ್ಲ. ನಮ್ಮ ಬೀದಿಯ ಒಬ್ಬರು ಇದ್ದರು. ಅಪ್ಪ ಆ ಮನೆಯವರ ಜೊತೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋದವರು ಎರಡು ದಿನ ಬರಲಿಲ್ಲ. ಗುರುತು ಹಿಡಿಯಲಾಗದ ದೇಹಗಳಿಗೆ ಡಿಎನ್‌ಎ ಪರೀಕ್ಷೆ, ಅದಕ್ಕೆ ಅರ್ಜಿ, ಅರ್ಜಿಗೆ ಮನೆಯವರ ವಿವರ. ತುಳು, ಬ್ಯಾರಿ, ಮಲಯಾಳ ಮಾತಾಡುವವರು ಸಾಲಿನಲ್ಲಿದ್ದರು. ಬರೆಯುವುದು ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಅಪ್ಪ ಕನ್ನಡ ಮೀಡಿಯಂನಲ್ಲಿ ಓದಿದವರು, ಮಲಯಾಳವನ್ನೂ ಓದಬಲ್ಲರು. ಗುರುತಿಲ್ಲದವರ ಅರ್ಜಿಗಳನ್ನೂ ಕೂತು ಬರೆದುಕೊಟ್ಟರಂತೆ. "ಎಷ್ಟು ಬರೆದಿರಿ?" ಅಂತ ನಾನು ಈಚೆಗೆ ಕೇಳಿದೆ. "ಪೆನ್ನು ಮುಗಿದಿತ್ತು" ಅಂತಷ್ಟೇ ಹೇಳಿದರು. ಕೊನೆಗೂ ಗುರುತು ಸಿಗದ 12 ದೇಹಗಳನ್ನು ಕೂಳೂರಿನ ಹತ್ತಿರ, ಫಲ್ಗುಣಿ ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದರು. ಅಲ್ಲಿ ಈಗ ಸ್ಮಾರಕದ ಉದ್ಯಾನ ಇದೆ.

ಹತ್ತು ವರ್ಷದ ಮೇಲೆ ಇದೇ ದಾರಿ ಇನ್ನೊಂದು ರೀತಿಯಲ್ಲಿ ತುಂಡಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಭಯಕ್ಕೆ ಕರ್ನಾಟಕ ಸರ್ಕಾರ ತಲಪಾಡಿಯ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಜೇಶ್ವರದಿಂದ ಮಂಗಳೂರಿನ ಆಸ್ಪತ್ರೆಗಳು ಅರ್ಧ ಮುಕ್ಕಾಲು ಗಂಟೆಯ ದಾರಿ. ಹೆರಿಗೆ, ಡಯಾಲಿಸಿಸ್, ಹೃದಯದ ತೊಂದರೆ, ಎಲ್ಲದಕ್ಕೂ ನಾವು ಹೋಗುವುದು ಅಲ್ಲಿಗೇ. ಆಂಬುಲೆನ್ಸುಗಳು ಗಡಿಯಲ್ಲಿ ನಿಂತವು, ದಾಟಲಾಗದೆ ತೀರಿಕೊಂಡವರ ಸುದ್ದಿ ದಿನಾ ಬರತೊಡಗಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಯಬೇಕು ಎಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಕೊನೆಗೆ ತುರ್ತು ರೋಗಿಗಳನ್ನು ಬಿಡುವ ಒಂದು ವ್ಯವಸ್ಥೆ ಆಯಿತು. ಒಂದು ವಿಷಯ ಕನ್ನಡಿಗಳಾಗಿ ಹೇಳಲೇಬೇಕು. ಮಣ್ಣು ಸುರಿದದ್ದು ನಾವು 'ನಮ್ಮ ರಾಜ್ಯ' ಅಂತ ಅರ್ಜಿ ಹಾಕುತ್ತಾ ಬಂದ ಕಡೆಯವರು. ನಮ್ಮ ಕಾಲೇಜಿನ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಆ ವಾರ ಯಾರೂ ಏನೂ ಬರೆಯಲಿಲ್ಲ.

ದೊಡ್ಡಪ್ಪನ ಮಗ, ನಮ್ಮ ಅಣ್ಣ, ಆಗ ದುಬೈಯಲ್ಲಿದ್ದ. ಆ ವರ್ಷ ಜೂನ್‌ನಲ್ಲಿ ಅವನು ಬಂದದ್ದು ಕಣ್ಣೂರಿಗೆ. ಕಣ್ಣೂರಿನ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ತೆರೆದಿತ್ತು. ದುಬೈಯಿಂದ ಅಲ್ಲಿಗೆ ಸುಮಾರು 2,590 ಕಿಲೋಮೀಟರ್, ಅಂದರೆ ಆಕಾಶದಲ್ಲಿ ಹತ್ತು ನಿಮಿಷ ಹೆಚ್ಚು. ನೆಲದ ಮೇಲೆ ನಮ್ಮ ಮನೆಯಿಂದ ಬಜಪೆ ಮೂವತ್ತೈದು ಕಿಲೋಮೀಟರ್ ಆಗುವಲ್ಲಿ ಕಣ್ಣೂರು ನಿಲ್ದಾಣ ನೂರ ನಲವತ್ತರ ಹತ್ತಿರ. ಆದರೂ ಗಡಿ ಇಲ್ಲ. ಪಾಸ್ ಇಲ್ಲ, ತಡೆ ಇಲ್ಲ, ಎರಡು ಸರ್ಕಾರದ ಎರಡು ನಿಯಮ ಇಲ್ಲ. ಅಣ್ಣನಿಗೆ ಅಲ್ಲಿಂದ ಅದೇ ರೂಢಿಯಾಯಿತು. ಟಿಕೆಟು ಕಡಿಮೆಗೆ ಸಿಕ್ಕಿದ ಕಡೆ ಹೋಗ್ತೇನೆ ಅಂತಾನೆ, ಅದು ಸಹಜ. ಕಣ್ಣೂರಿನಿಂದ ಬರುವ ದಾರಿಯಲ್ಲಿ ಕಟೀಲು ಇಲ್ಲ. ಕಣ್ಣಿನ ಡಾಕ್ಟರು ಈಗ ಕಾಞಂಗಾಡಿನಲ್ಲಿ ಇದ್ದಾರೆ, ಬಟ್ಟೆ ಪಯ್ಯನ್ನೂರಿನಲ್ಲಿ ಸಿಗುತ್ತದೆ, ಟ್ಯಾಕ್ಸಿಯವನ ಹತ್ತಿರ ಮಾತು ಮಲಯಾಳದಲ್ಲಿ. ಅವನ ಮಗಳಿಗೆ ಏಳು ವರ್ಷ. ನಾನು ಅವಳಿಗೆ ಕನ್ನಡದ ಕತೆಪುಸ್ತಕ ಕೊಟ್ಟರೆ ಚಿತ್ರ ನೋಡಿ ಮಲಯಾಳದಲ್ಲಿ ಕತೆ ಹೇಳುತ್ತಾಳೆ. ಚಂದವಾಗಿಯೇ ಹೇಳುತ್ತಾಳೆ.

ಒಂದು ಮನೆಯ ಉದಾಹರಣೆಯಿಂದ ಜಿಲ್ಲೆಯ ಚರಿತ್ರೆ ಬರೆಯಲಾಗದು ಅಂತ ನೀವು ಹೇಳಬಹುದು, ಹೇಳಬೇಕು ಕೂಡ. ಮಲಯಾಳವನ್ನು ದೂರುವುದು ನನ್ನ ಉದ್ದೇಶವೂ ಅಲ್ಲ. ಗಲ್ಫಿನ ಬದುಕನ್ನು ಆ ಭಾಷೆ ಎದೆಗೆ ಹಚ್ಚಿಕೊಂಡಿದೆ. ಬೆನ್ಯಾಮಿನ್ ಅವರ 'ಆಡುಜೀವಿತಂ' ಬಂದದ್ದು 2008ರಲ್ಲಿ, ಅದಕ್ಕೂ ಮೊದಲೇ 'ದುಬೈ ಕತ್ತು' ಹಾಡುಗಳನ್ನು ಮನೆಮನೆಯ ಕ್ಯಾಸೆಟ್ಟಿನಲ್ಲಿ ಕೇಳುತ್ತಿದ್ದರು. ಕನ್ನಡದಲ್ಲಿ ಬೊಂಬಾಯಿಗೆ ಹೋದವರ ಕತೆಗಳು ಎಷ್ಟೊಂದು ಇವೆ, ದುಬೈಗೆ ಹೋದವರದ್ದು ಅದರ ಕಾಲಂಶವೂ ಇಲ್ಲ. ನಮ್ಮ ಓದುಗರಿಗೆ ಅದು ಮಲಯಾಳಿಗಳ ವಿಷಯ ಅನ್ನಿಸಿರಬೇಕು. ಗಡಿನಾಡಿನ ಕನ್ನಡ ಅಂದಾಗ ನಾವು ಶಾಲೆ ಎಷ್ಟು ಉಳಿದಿದೆ, ಬೋರ್ಡು ಯಾವ ಲಿಪಿಯಲ್ಲಿದೆ ಅಂತ ಎಣಿಸುತ್ತೇವೆ. ಅದೂ ಬೇಕು. 2023ರಲ್ಲಿ ವಂದೇ ಭಾರತ್ ಬಂದ ಮೇಲೂ ಕಾಸರಗೋಡಿನಿಂದ ನಮ್ಮ ರಾಜಧಾನಿ ತಿರುವನಂತಪುರಕ್ಕೆ ಎಂಟು ಗಂಟೆ ಬೇಕು, ಬಜಪೆಯಿಂದ ದುಬೈಗೆ ಮೂರೂವರೆ. ಈ ಎರಡು ಸಂಖ್ಯೆಗಳ ನಡುವೆ ಬದುಕುವವರ ಭಾಷೆ ಯಾವ ಕಡೆ ವಾಲುತ್ತದೆ ಎನ್ನುವುದನ್ನು ಎಣಿಸಲಿಕ್ಕೆ ನಮ್ಮ ಹತ್ತಿರ ಇನ್ನೂ ಕ್ರಮ ಇಲ್ಲ.

ದೊಡ್ಡಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ 1978ರಿಂದ 1994ರವರೆಗಿನ ಪತ್ರಗಳಿವೆ, 211. ಎಲ್ಲ ಕನ್ನಡದಲ್ಲಿ. ಎರಡೂ ಕಡೆಯ ಅಂಚೆ ಮುದ್ರೆ ಸ್ಪಷ್ಟ ಇರುವವನ್ನು ಬೇರೆ ಮಾಡಿ ತಾರೀಕು ಜೋಡಿಸುತ್ತಾ ಇದ್ದೇನೆ. ದುಬೈಯಿಂದ ಮಂಜೇಶ್ವರಕ್ಕೆ ಅತಿ ಬೇಗ ಬಂದ ಪತ್ರಕ್ಕೆ ಒಂಬತ್ತು ದಿನ ಹಿಡಿದಿದೆ. ಅತಿ ತಡವಾಗಿ ಬಂದದ್ದು ನಲವತ್ತೊಂದು ದಿನ, 1991ರ ಜನವರಿಯದ್ದು, ಕುವೈತಿನ ಯುದ್ಧದ ಸಮಯ. ಅದರಲ್ಲಿ ಅವರು ಯುದ್ಧದ ಬಗ್ಗೆ ಏನೂ ಬರೆದಿಲ್ಲ. ಕುಚ್ಚಲಕ್ಕಿ ಇಲ್ಲಿಯೂ ಸಿಗ್ತದೆ, ಕಳಿಸಬೇಡಿ ಅಂತ ಉಂಟು.

ನನ್ನ ಸಮಯ ಆಯಿತು ಅಂತ ಚಾಟ್‌ನಲ್ಲಿ ಬರ್ತಾ ಉಂಟು. ಪತ್ರಗಳ ಸ್ಕ್ಯಾನು ನೋಡಬೇಕಾದವರು ಕೇಳಿ, ಮನೆಯವರನ್ನು ಕೇಳಿ ಕಳಿಸ್ತೇನೆ. ಪ್ರಶ್ನೆ ಇದ್ದರೆ ಈಗಲೇ ಕೇಳಬಹುದು, ಕರೆಂಟು ಇನ್ನೂ ಹೋಗಿಲ್ಲ.